ಮೇಲೇ ಸಿಕ್ಕ ಬ್ರೇಕ್

ಗುರುವಾರ, ವಿಜಯದಶಮಿಯ ದಿನ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಶ್ರೀನಿವಾಸಪುರದಿಂದ ಕೋಲಾರಕ್ಕೆ ಹೋಗುವ ದಾರಿಯಲ್ಲಿ ಹಸಿರು ಅಂಬಾಸಿಡರ್ ಒಂದು ಕೆರೆ ಏರಿಯ ಇಳಿಜಾರಿನಲ್ಲಿ ಇಳಿದು, ತಿರುವಿನ ಮೋರಿಗೆ ಬಡಿದು, ಹಳ್ಳಕ್ಕೆ ಉರುಳಿತು.

ಮಳೆ ಸಣ್ಣಗೆ ಜಿನುಗುತ್ತಿತ್ತು. ಪಕ್ಕದ ರಾಗಿ ಹೊಲದಲ್ಲಿದ್ದ ಇಬ್ಬರು ಹೆಂಗಸರು ಮೊದಲು ಓಡಿ ಬಂದರು. ಸ್ಟೀರಿಂಗ್ ಹಿಂದೆ ಇದ್ದವನು ಅಮರನಾಥ್. ಐವತ್ತೊಂದು ವರ್ಷ. ಯಲ್ದೂರಿನಲ್ಲಿ ಮಾವಿನ ತೋಟ. ಉಸಿರು ನಿಂತಿತ್ತು. ಪಕ್ಕದ ಸೀಟಿನಲ್ಲಿದ್ದ ಮಗಳು ಶ್ವೇತ, ಇಪ್ಪತ್ತನಾಲ್ಕು, ಬದುಕಿದ್ದಳು.

ಕ್ರೇನ್ ಬಂದು ಕಾರನ್ನು ಎತ್ತುವ ಹೊತ್ತಿಗೆ ಮಧ್ಯಾಹ್ನ ಎರಡು. ಪೇದೆಯೊಬ್ಬ ಕಿಟಕಿಯಿಂದ ಒಳಗೆ ತೂರಿ ಬ್ರೇಕ್ ಒತ್ತಿ ನೋಡಿದ.

"ಬ್ರೇಕ್ ಗಟ್ಟಿಯಾಗಿದೆ ಸಾರ್. ಸ್ಪೀಡಲ್ಲಿ ಬಂದಿದಾರೆ."

ಸಬ್ ಇನ್ಸ್‌ಪೆಕ್ಟರ್ ಚನ್ನರಾಯಪ್ಪ ಹಾಗೇ ಬರೆದುಕೊಂಡ. ಆದರೆ ಸಂಜೆ ಸತ್ತವನ ತಮ್ಮ ನಂದೀಶ್ ಠಾಣೆಗೆ ಬಂದು ದೂರು ಕೊಟ್ಟ. ಅವನು ನರಸಾಪುರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಕಣ್ಣು ಊದಿತ್ತು. ದೂರು ಮಾತ್ರ ಅಚ್ಚುಕಟ್ಟಾಗಿತ್ತು. ಕಾರು ಕಟ್ಟಿದ ಮಾಲೂರಿನ ಮೆಕ್ಯಾನಿಕ್ ಅಶ್ವತ್ಥಪ್ಪನೇ ಅಣ್ಣನ ಸಾವಿಗೆ ಕಾರಣ. ಹತ್ತು ದಿನದ ಹಿಂದೆ ಇಬ್ಬರಿಗೂ ಫೋನಿನಲ್ಲಿ ಜಗಳವಾಗಿತ್ತು. "ನಮ್ಮನೆ ಕಡೆ ಬರಲೇಬೇಡಿ" ಎಂದು ಆತ ಕೂಗಿದ್ದನ್ನು ತಾನೇ ಕೇಳಿದ್ದಾಗಿ ನಂದೀಶ್ ಬರೆಸಿದ.

* * *

ಸಾವಾದ ಅಪಘಾತದಲ್ಲಿ ವಾಹನವನ್ನು ಆರ್‌ಟಿಓ ಕಚೇರಿಯ ಮೋಟಾರು ವಾಹನ ನಿರೀಕ್ಷಕರು ನೋಡಿ ವರದಿ ಕೊಡಬೇಕು. ಜನ ಅವರನ್ನು ಕರೆಯುವುದು ಬ್ರೇಕ್ ಇನ್ಸ್‌ಪೆಕ್ಟರ್ ಎಂದು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಯ ಹಿತ್ತಲಿಗೆ ಬಂದವಳು ಬ್ರೇಕ್ ಇನ್ಸ್‌ಪೆಕ್ಟರ್ ಸುನಂದ. ನಲವತ್ತು ದಾಟಿದವಳು. ಕೈಯಲ್ಲಿ ಟಾರ್ಚು, ಒಂದು ಜಾಕ್, ಎರಡು ಸ್ಪ್ಯಾನರ್.

ಚನ್ನರಾಯಪ್ಪ ಫಾರಂ ಮುಂದೆ ಹಿಡಿದ. "ನಮ್ಮ ಹುಡುಗ ಒತ್ತಿ ನೋಡಿದಾನೆ ಮೇಡಂ. ಬ್ರೇಕ್ ಸರಿಯಿದೆ. ಒಂದು ಸೈನ್ ಹಾಕ್ಬಿಡಿ."

"ಒತ್ತಿ ನೋಡಿದ. ಬಿಟ್ಟು ನೋಡಿದ್ನಾ?"

"ಅಂದ್ರೆ?"

"ನೋಡೋಣ ಇರಿ."

1964ರ ಕಾರು. ಮೈ ಮಾತ್ರ ಹಳೆಯದು. ಒಳಗೆ ಎಲ್ಲ ಹೊಸದಾಗಿ ಕಟ್ಟಿದ್ದು. ಮುಂದಿನ ಚಕ್ರಗಳಿಗೆ ಈಗಿನ ಕಾರಿನ ಡಿಸ್ಕ್ ಬ್ರೇಕ್. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಹಳೆಯ ಮಾಸ್ಟರ್ ಸಿಲಿಂಡರ್ ಇದ್ದದ್ದು ನೆಲದ ಕೆಳಗೆ. ಅದನ್ನು ಕಿತ್ತು, ಹೊಸದನ್ನು ಬಾನೆಟ್ ಒಳಗೆ ಕೂರಿಸಿದ್ದರು. ಕೆಲಸ ನೀಟಾಗಿತ್ತು. ಪೈಪುಗಳು ಎಲ್ಲೂ ಉಜ್ಜುತ್ತಿರಲಿಲ್ಲ. ಕಳಪೆ ಕೈ ಕಟ್ಟಿದ ಗಾಡಿ ಇದಲ್ಲ ಎಂದು ಸುನಂದ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಮುಂದಿನ ಎಡಗಡೆ ನಜ್ಜುಗುಜ್ಜು. ಬಲಗಡೆಯನ್ನು ಜಾಕ್ ಮೇಲೆ ಎತ್ತಿ ಚಕ್ರ ತಿರುಗಿಸಿದಳು. ತಿರುಗಲಿಲ್ಲ. ಇಬ್ಬರು ಪೇದೆಗಳು ಸೇರಿ ತಿರುಗಿಸಿದರೂ ಕದಲಲಿಲ್ಲ.

"ಈಗ ಯಾರೂ ಬ್ರೇಕ್ ಒತ್ತಿ ಹಿಡಿದಿಲ್ಲ ತಾನೆ?"

"ಇಲ್ಲ ಮೇಡಂ."

ಚಕ್ರದ ಹಿಂದೆ, ಬ್ರೇಕ್ ಪೈಪಿನ ಗಾಳಿ ತೆಗೆಯುವ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದಳು. ಬ್ರೇಕ್ ಆಯಿಲ್ ಚಿಮ್ಮಿತು. ಚಕ್ರ ಸಲೀಸಾಗಿ ತಿರುಗಿತು. ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಸುಟ್ಟ ವಾಸನೆ. ಡಿಸ್ಕ್ ಮೇಲೆ ನೀಲಿ ಛಾಯೆ. ಪ್ಯಾಡು ಗಾಜಿನ ಹಾಗೆ ಮಿನುಗುತ್ತಿತ್ತು. ಹಿಂದಿನ ಚಕ್ರವೂ ಬಿಗಿ. ಈ ಸಲ ಅವಳು ಚಕ್ರದ ಹತ್ತಿರ ಹೋಗಲಿಲ್ಲ. ಬಾನೆಟ್ ಒಳಗೆ, ಮಾಸ್ಟರ್ ಸಿಲಿಂಡರಿನಲ್ಲೇ ಪೈಪು ಸಡಿಲಿಸಿದಳು. ಹಿಂದಿನ ಚಕ್ರ ಬಿಟ್ಟುಕೊಂಡಿತು.

"ಪೈಪಿನ ತಪ್ಪಲ್ಲ, ಚಕ್ರದ ತಪ್ಪಲ್ಲ. ಮೂಲದಲ್ಲೇ ಹಿಡಿದುಕೊಂಡಿದೆ" ಎಂದಳು.

ಆಮೇಲೆ ಚಾಲಕನ ಕಡೆ ಬೆನ್ನ ಮೇಲೆ ಮಲಗಿ ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚು ಬಿಟ್ಟಳು. ಪೆಡಲಿನಿಂದ ಸಿಲಿಂಡರಿಗೆ ಹೋಗುವ ಬೆರಳುದ್ದದ ಕಬ್ಬಿಣದ ಕಡ್ಡಿ. ಅದನ್ನು ತಿರುಗಿಸಿದರೆ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಅದು ಅಲುಗದಂತೆ ಹಿಡಿಯಲು ಒಂದು ನಟ್ಟು. ಹೊಸ ನಟ್ಟು. ಆದರೆ ಅದರ ಮೂಲೆಗಳು ಸವೆದು ದುಂಡಗಾಗಿದ್ದವು. ಸವೆದ ಕಡೆ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಮೂಲೆಯ ಸಂದಿನಲ್ಲಿ ಕೆಂಪು ಕಲೆ.

"ರಕ್ತ" ಎಂದ ಚನ್ನರಾಯಪ್ಪ ಬಗ್ಗಿ ನೋಡಿ.

ಸುನಂದ ಕಾಗದದ ಮೇಲೆ ಕೆರೆದಳು. ಪುಡಿ ಉದುರಿತು. ಕೆಂಪಿನ ಜೊತೆ ಸ್ವಲ್ಪ ಹಳದಿ. ಕಾಗದ ಮಡಚಿ ಜೇಬಿಗಿಟ್ಟಳು.

"ಈ ಕಡ್ಡಿ ಮತ್ತೆ ಸಿಲಿಂಡರಿನ ಮಧ್ಯೆ ಅಕ್ಕಿ ಕಾಳಿನಷ್ಟು ಸಡಿಲ ಇರಬೇಕು ಸಾರ್. ಇಲ್ಲಿ ಇಲ್ಲ. ಯಾರೋ ಕಡ್ಡಿ ಉದ್ದ ಮಾಡಿದಾರೆ. ಕಾಲು ತೆಗೆದರೂ ಬ್ರೇಕ್ ಪೂರ್ತಿ ಬಿಡಲ್ಲ. ಉಜ್ಜಿ ಉಜ್ಜಿ ಕಾಯುತ್ತೆ. ಕಾದಷ್ಟೂ ಬಿಗಿಯುತ್ತೆ. ಕೊನೆಗೆ ಆಯಿಲ್ ಕುದಿಯುತ್ತೆ. ಆಗ ಪೆಡಲ್ ನೆಲಕ್ಕೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಎರಡು ಗಂಟೆ ತಣ್ಣಗಾದ್ರೆ ಮತ್ತೆ ಪೆಡಲ್ ಗಟ್ಟಿ. ನಿಮ್ಮ ಹುಡುಗ ಒತ್ತಿದ್ದು ಅದನ್ನೇ."

"ಹಾಗಾದ್ರೆ ಮೆಕ್ಯಾನಿಕ್ಕೇ. ತಮ್ಮ ಹೇಳಿದ್ದು ಸರಿ. ನಿರ್ಲಕ್ಷ್ಯ ಅಲ್ಲ ಇದು, ಕೊಲೆ."

"ನಾನು ಇನ್ನೂ ಸೈನ್ ಹಾಕಿಲ್ಲ ಸಾರ್."

"ಸಂಜೆ ಒಳಗೆ ಹಾಕಿ. ನಾನು ಅವನನ್ನ ಕೋರ್ಟಿಗೆ ಕಳಿಸಬೇಕು."

* * *

ಅಶ್ವತ್ಥಪ್ಪನನ್ನು ಹತ್ತೂವರೆಗೆ ಕರೆತಂದರು. ಅರವತ್ತರ ಹತ್ತಿರದ ಸಣಕಲು ಮನುಷ್ಯ. ಬೆಂಚಿನ ತುದಿಯಲ್ಲಿ ಕೂತ.

ಸುನಂದ ಕಾರಿನಿಂದ ಬಿಚ್ಚಿದ ನಟ್ಟನ್ನು ಮೇಜಿನ ಮೇಲಿಟ್ಟಳು. "ಇದು ಎಷ್ಟರ ನಟ್ಟು?"

ಆತ ಮುಟ್ಟದೆಯೇ ಹೇಳಿದ. "ಹನ್ನೆರಡು ಎಂಎಂ. ಯಾವ ಕತ್ತೆ ಹೀಗೆ ಮಾಡಿದ್ದು ಅಮ್ಮಾ? ಮೂಲೇನೇ ತಿಂದುಬಿಟ್ಟಿದಾನೆ. ನನ್ನ ಗ್ಯಾರೇಜಲ್ಲಿ ಹೀಗೆ ಮಾಡಿದ್ರೆ ಕೈ ಮುರೀತಿದ್ದೆ."

"ಕಡ್ಡಿ ಉದ್ದ ಮಾಡಿದ್ರೆ ಏನಾಗುತ್ತೆ ಅಂತ ಗೊತ್ತಾ?"

"ನಾನೇ ಒಂದ್ಸಲ ಮಾಡಿ ಬೈಸ್ಕೊಂಡಿದೀನಿ." ಆತ ಮುಚ್ಚುಮರೆ ಮಾಡಲಿಲ್ಲ. "ಹೋದ ವರ್ಷ, ಮೊದಲ ಟ್ರಯಲ್. ನಾನು, ಅಮರಣ್ಣ, ಅವರ ತಮ್ಮ. ಮಾಲೂರು ಬಿಟ್ಟು ಹತ್ತು ಕಿಲೋಮೀಟರ್‌ಗೆ ಸುಟ್ಟ ವಾಸನೆ ಬಂತು. ತಕ್ಷಣ ಸೈಡಿಗೆ ನಿಲ್ಲಿಸ್ದೆ. ಚಕ್ರದಲ್ಲಿ ಹೊಗೆ. ಅಲ್ಲೇ ಮಲಕ್ಕೊಂಡು ನಟ್ಟು ಬಿಚ್ಚಿ ಎರಡು ಸುತ್ತು ಒಳಕ್ಕೆ ತಿರುಗಿಸ್ದೆ. ತಣ್ಣಗಾದ್ಮೇಲೆ ವಾಪಸ್ ಬಂದ್ವಿ. 'ಇಷ್ಟೇನಾ?' ಅಂದ್ರು ಅವರ ತಮ್ಮ. ಟಾರ್ಚು ಹಿಡಿದಿದ್ದೇ ಅವರು."

ಚನ್ನರಾಯಪ್ಪ ಮಧ್ಯೆ ಬಂದ. "ಜಗಳ ಯಾಕಾಯ್ತು? ಮನೆ ಕಡೆ ಬರಬೇಡಿ ಅಂದ್ಯಂತಲ್ಲ?"

ಆತ ತಲೆ ತಗ್ಗಿಸಿದ. "ಅಂದಿದ್ದು ನಿಜ."

"ಯಾಕೆ?"

"ಹೇಳಲ್ಲ ಸಾರ್."

"ಲೇ, ಜೀವಾವಧಿ ಆಗುತ್ತೆ ಕಣಯ್ಯಾ!"

"ಆಗ್ಲಿ. ನಾನು ಬಾಯಿ ಬಿಟ್ಟರೆ ಇನ್ನೊಂದು ಜೀವಕ್ಕೆ ತೊಂದರೆ."

ಅಷ್ಟೇ. ಮುಂದೆ ಏನು ಕೇಳಿದರೂ ಗೋಡೆ ನೋಡುತ್ತಾ ಕೂತ. ಲಾಕಪ್ಪಿನ ಬಾಗಿಲು ತೆರೆಯುವ ಸದ್ದಿಗೂ ತಿರುಗಲಿಲ್ಲ.

* * *

ಕೋಲಾರದ ಆಸ್ಪತ್ರೆಯ ಮೂರನೇ ವಾರ್ಡು. ಶ್ವೇತಳ ಎಡಗೈಗೆ ಪ್ಲಾಸ್ಟರ್, ಹಣೆಗೆ ಹೊಲಿಗೆ. ಹಾಸಿಗೆಯ ಪಕ್ಕ ನಂದೀಶ್ ಕಿತ್ತಳೆ ಸುಲಿಯುತ್ತಿದ್ದ.

"ನಾಲ್ಕು ಗಂಟೆಗೆ ಡಿಸ್ಚಾರ್ಜ್ ಮೇಡಂ" ಎಂದ. "ಊರಿಗೆ ಕರ್ಕೊಂಡು ಹೋಗ್ತೀನಿ. ಇನ್ಮೇಲೆ ಈ ಮಗುಗೆ ನಾನೇ ತಂದೆ."

"ಗುರುವಾರ ಎಲ್ಲಿಗೆ ಹೊರಟಿದ್ರಿ?" ಸುನಂದ ಹುಡುಗಿಯನ್ನು ಕೇಳಿದಳು.

"ಸುಮ್ನೆ. ಪೂಜೆ ಆಗಿತ್ತಲ್ಲ, ಒಂದು ರೌಂಡು." ಶ್ವೇತ ಚಿಕ್ಕಪ್ಪನ ಮುಖ ನೋಡಿ ಹೇಳಿದಳು.

"ನಂದೀಶ್ ಅವರೇ, ಕಾರಿನ ಆರ್‌ಸಿ ಇದ್ಯಾ? ಒಂದು ಜೆರಾಕ್ಸ್ ಬೇಕಿತ್ತು. ಗೇಟ್ ಎದುರಿಗೇ ಅಂಗಡಿ ಇದೆ."

ಅವನು ಎದ್ದು ಹೋದ. ಸುನಂದ ಕುರ್ಚಿ ಹತ್ತಿರ ಎಳೆದುಕೊಂಡಳು. "ಐದು ನಿಮಿಷ ಇದೆ ಕಣಮ್ಮಾ. ಗಾಡಿ ಹೇಗಿತ್ತು, ಅದನ್ನ ಹೇಳು."

"ಮೊದಲು ಚೆನ್ನಾಗಿತ್ತು. ಬ್ರೇಕ್ ಇವತ್ತು ಮೇಲೇ ಸಿಗ್ತಿದೆ, ಮುಟ್ಟಿದ್ರೆ ನಿಲ್ಲುತ್ತೆ ಅಂತ ಅಪ್ಪ ಖುಷಿಪಟ್ರು. ಅಶ್ವತ್ಥಪ್ಪನ ಕೈ ಕೈಯೇ ಅಂದ್ರು. ಶ್ರೀನಿವಾಸಪುರ ದಾಟಿದ್ಮೇಲೆ ಗಾಡಿ ಭಾರ ಆಯ್ತು. ಯಾರೋ ಹಿಂದಿನಿಂದ ಹಿಡಿದು ಎಳೀತಿರೋ ಹಾಗೆ. ಅಪ್ಪ ಆಕ್ಸಿಲರೇಟರ್ ಒತ್ತಾನೇ ಇದ್ರು. ಸುಟ್ಟ ವಾಸನೆ ಬಂತು. ನಿಲ್ಲಿಸಿ ಅಂದೆ. ಒಳ್ಳೆ ಹೊತ್ತು ಮೀರುತ್ತೆ, ಹೋಗಿ ನೋಡೋಣ ಅಂದ್ರು."

"ಯಾವುದಕ್ಕೆ ಒಳ್ಳೆ ಹೊತ್ತು?"

ಅವಳು ಬಾಗಿಲ ಕಡೆ ನೋಡಿದಳು. ಮತ್ತೆ ಪಿಸುಗುಟ್ಟಿದಳು. "ಅಶ್ವತ್ಥಪ್ಪ ಅವರ ಮನೆಗೆ. ಅವರ ಮಗ ಸುಬ್ರಮಣಿ... ಹನ್ನೆರಡೂವರೆಗೆ ತಾಂಬೂಲ ಬದಲಾಯಿಸೋದು ಅಂತ ಅಪ್ಪ ಒಪ್ಕೊಂಡಿದ್ರು. ಮೊದಲು ಅಶ್ವತ್ಥಪ್ಪ ಅವರೇ ಹೆದರ್ಕೊಂಡು ಮನೆ ಕಡೆ ಬರಬೇಡಿ ಅಂದಿದ್ರು, ಅಪ್ಪ ಒಪ್ಪಿಸಿದ್ರು. ನಮ್ಮವರಲ್ಲ ಅವರು. ಚಿಕ್ಕಪ್ಪಂಗೆ ಗೊತ್ತಾದಾಗ ಊಟದ ತಟ್ಟೆ ಎಸೆದಿದ್ರು."

"ಈಗ ಊರಿಗೆ ಹೋಗೋಕೆ ನಿನಗೆ ಇಷ್ಟ ಇದೆಯಾ?"

"ಹೋದ್ರೆ ಮತ್ತೆ ಹೊರಗೆ ಬಿಡಲ್ಲ ಮೇಡಂ. ಬದುಕಿರ್ತೀನೋ ಇಲ್ವೋ."

ಹೊರಗೆ ಚಪ್ಪಲಿ ಸದ್ದಾಯಿತು. ಗಂಟೆ ಹನ್ನೆರಡಾಗಿತ್ತು.

* * *

ಯಲ್ದೂರಿನ ಮನೆಯಲ್ಲಿ ಸಾವಿನ ಮೂರನೇ ದಿನದ ಮಂಕು. ಒಲೆ ಹಚ್ಚಿರಲಿಲ್ಲ. ಪಕ್ಕದ ಮನೆಯಿಂದ ಬಂದ ಅನ್ನ ಮುಚ್ಚಿಟ್ಟ ಹಾಗೇ ಇತ್ತು. ಅಮರನಾಥನ ಹೆಂಡತಿ ರಮಾದೇವಿ ಸುನಂದಳನ್ನು ಹಿತ್ತಲ ಶೆಡ್ಡಿಗೆ ಕರೆದೊಯ್ದಳು.

"ಬುಧವಾರ ಆಯುಧಪೂಜೆ ಮಾಡಿದ್ದು ಇಲ್ಲೇ. ಗುರುವಾರ ಕಾರು ಹೊರಗೆ ತೆಗೆದ ಮೇಲೆ ಯಾರೂ ಕಾಲಿಟ್ಟಿಲ್ಲ."

ಕಾರು ನಿಂತಿದ್ದ ಜಾಗ ಖಾಲಿ. ಅದರ ಮುಂದೆ ಮಣೆ. ಬಾಡಿದ ಚೆಂಡುಹೂವು, ಒಡೆದ ಬೂದುಗುಂಬಳ. ಮಣೆಯ ಮೇಲೆ ಒಂದು ಖಾಕಿ ಬಟ್ಟೆ ಹಾಸಿ ಸ್ಪ್ಯಾನರುಗಳನ್ನು ಸಾಲಾಗಿ ಇಟ್ಟಿದ್ದರು. ಅಮರನಾಥನ ತಂದೆ ಕಾರು ಕೊಂಡಾಗ ಜೊತೆಗೆ ಬಂದ ಸೆಟ್ಟು.

"ಮನೇಲಿ ಬೇರೆ ಸ್ಪ್ಯಾನರ್ ಇಲ್ವಾ?"

"ಇದೊಂದೇ. ಇದನ್ನೂ ಯಾರೂ ಬಳಸಲ್ಲ. ವರ್ಷಕ್ಕೊಂದು ಸಲ ಪೂಜೆಗೆ ಹೊರಗೆ ಬರುತ್ತೆ. ಇಟ್ಟ ಮೇಲೆ ಮಾರನೇ ದಿನ ಮರುಪೂಜೆ ಆಗೋವರೆಗೂ ಮುಟ್ಟೋ ಹಾಗಿಲ್ಲ."

ಸುನಂದ ಮಂಡಿಯೂರಿದಳು. ಎಲ್ಲವೂ ಇಂಚಿನ ಅಳತೆ. ಆ ಕಾಲದ ಕಾರಿಗೆ ಅದೇ ಸರಿ. ಒಟ್ಟು ಹನ್ನೊಂದು. ಒಂದೊಂದರ ಮೇಲೂ ಅರಿಶಿನದ ಬೊಟ್ಟು, ಅದರ ನಡುವೆ ಪುಟ್ಟ ಕುಂಕುಮ. ಅರ್ಧ ಇಂಚಿನದರ ಮೇಲೆ ಮಾತ್ರ ಅರಿಶಿನವಿಲ್ಲ. ಬರೀ ಕುಂಕುಮ. ಬೊಟ್ಟು ದೊಡ್ಡದು, ಅಗಲ. ಅದರ ಬಾಯಲ್ಲಿ ಎಳೆಯಷ್ಟು ಹಳದಿ ಲೋಹ ಅಂಟಿತ್ತು. ಹೊಸ ನಟ್ಟಿನ ಮೇಲಿನ ಲೇಪ.

"ಇದಕ್ಕೆ ಪೂಜೆ ಯಾರು ಮಾಡಿದ್ದು?"

ರಮಾದೇವಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇದು ನನ್ನ ಕೈದಲ್ಲ" ಎಂದಳು. "ಅರಿಶಿನ ಇಡದೆ ಕುಂಕುಮ ಇಡೋ ಹೆಂಗಸು ಎಲ್ಲಾದ್ರೂ ಇದಾಳಾ ಅಮ್ಮಾ? ನಾನು ಉಂಗುರದ ಬೆರಳಲ್ಲಿ ಇಡ್ತೀನಿ. ಇದು ಯಾರೋ ಹೆಬ್ಬೆರಳಲ್ಲಿ ಒತ್ತಿದಾರೆ." ಅವಳು ಬರಿ ಹಣೆ ಮುಟ್ಟಿಕೊಂಡಳು. "ಈ ಹಣೇಲಿ ಈಗ ತಾನೇ ಅಳಿಸಿದಾರೆ. ಕುಂಕುಮದ ಮಾತು ನನ್ನ ಹತ್ರ ಕೇಳ್ತಿದೀರಲ್ಲ."

ಸುನಂದ ಎದ್ದು ನಿಂತಳು. ಮತ್ತೆ ಮೆಲ್ಲಗೆ ಕೇಳಿದಳು. "ಬುಧವಾರ ಸಂಜೆ ಮನೇಲಿ ಯಾರ್ಯಾರು ಇದ್ರಿ?"

"ನಾವು ಮೂರು ಜನ. ನಂದೀಶ ಕಾರ್ಖಾನೆ ಪೂಜೆ ಮುಗಿಸಿ ಕಂಪನಿ ಬಸ್ಸಲ್ಲಿ ಬಂದ. ಶೆಡ್ಡಲ್ಲಿ ದೀಪ ಆರದ ಹಾಗೆ ನೋಡ್ಕೋತೀನಿ ಅತ್ತಿಗೆ, ನೀವು ಒಳಗಿರಿ ಅಂದ."

ಹೇಳಿದ ಮೇಲೆ ಅವಳಿಗೇ ಅರ್ಥವಾಯಿತು. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

ಸುನಂದ ಫೋನಿನ ಕ್ಯಾಮೆರಾದಲ್ಲಿ ಆ ಬೊಟ್ಟನ್ನು ದೊಡ್ಡದು ಮಾಡಿ ನೋಡಿದಳು. ಒದ್ದೆ ಕುಂಕುಮ ಒಣಗಿ ಕಲ್ಲಾಗಿತ್ತು. ಅದರ ಮೇಲೆ ಸುರುಳಿ ಸುರುಳಿ ಗೆರೆ. ಚನ್ನರಾಯಪ್ಪನಿಗೆ ಫೋನ್ ಮಾಡಿದಳು.

"ಬೆರಳಚ್ಚಿನವರನ್ನ ಕರ್ಕೊಂಡು ಬನ್ನಿ ಸಾರ್. ನಾನೇನೂ ಮುಟ್ಟಿಲ್ಲ. ಬೇಗ ಬನ್ನಿ, ನಾಲ್ಕಕ್ಕೆ ಡಿಸ್ಚಾರ್ಜ್ ಇದೆ."

* * *

ಮೂರು ಐವತ್ತು. ನಂದೀಶ್ ಶ್ವೇತಳ ಔಷಧಿ ಚೀಲ ಹಿಡಿದು ವಾರ್ಡಿನ ಹೊರಗೆ ನಿಂತಿದ್ದ. ಚನ್ನರಾಯಪ್ಪ ಎದುರು ಬಂದು ಸ್ಟ್ಯಾಂಪ್ ಪ್ಯಾಡು ತೆರೆದ. ಹಿಂದೆ ಸುನಂದ, ರಮಾದೇವಿ.

"ಒಂದು ಹೆಬ್ಬೆಟ್ಟು ಬೇಕು ನಂದೀಶ್."

"ನಾನು ಡಿಗ್ರಿ ಓದಿರೋನು ಸಾರ್. ಸೈನ್ ಮಾಡ್ತೀನಿ."

"ಸೈನ್ ಬೇಡಪ್ಪ. ಹೆಬ್ಬೆಟ್ಟೇ ಬೇಕು."

ನಂದೀಶ್ ನಕ್ಕ. ಯಾರೂ ನಗಲಿಲ್ಲ.

"ಆ ನಟ್ಟು ಹನ್ನೆರಡು ಎಂಎಂ" ಎಂದಳು ಸುನಂದ. "ಅಶ್ವತ್ಥಪ್ಪನ ಗ್ಯಾರೇಜಿನಲ್ಲಿ ಹನ್ನೆರಡು ಎಂಎಂ ಸ್ಪ್ಯಾನರ್ ಇದೆ. ಅದರಲ್ಲಿ ಬಿಚ್ಚಿದ್ರೆ ಮೂಲೆ ಸವೆಯಲ್ಲ. ಅರ್ಧ ಇಂಚು ಅಂದ್ರೆ ಹನ್ನೆರಡು ಪಾಯಿಂಟ್ ಏಳು. ಸಡಿಲ ಕೂತು ಮೂಲೆ ತಿನ್ನುತ್ತೆ. ಇಂಚಿನ ಸ್ಪ್ಯಾನರ್ ಇರೋದು ನಿಮ್ಮ ಮನೇಲಿ. ನಟ್ಟಿನಲ್ಲಿ ಅರಿಶಿನ ಕುಂಕುಮ ಇತ್ತು. ಅಂದ್ರೆ ಬಿಚ್ಚಿದ್ದು ಪೂಜೆ ಆದ್ಮೇಲೆ, ಬುಧವಾರ ಸಂಜೆ. ಆಗ ಅಶ್ವತ್ಥಪ್ಪ ಮಾಲೂರಲ್ಲಿ. ನೀವು ಶೆಡ್ಡಲ್ಲಿ. ಆ ಕಡ್ಡಿ ಹೇಗೆ ಕೆಲಸ ಮಾಡುತ್ತೆ ಅಂತ ಹೋದ ವರ್ಷ ಟಾರ್ಚು ಹಿಡಿದು ನೋಡಿದೀರಿ. ಕೆಲಸ ಆದ್ಮೇಲೆ ಸ್ಪ್ಯಾನರ್ ಒರೆಸಿದ್ರಿ. ಪೂಜೆ ಅಳಿಸಿಹೋಯ್ತು. ಹಾಗೇ ಇಟ್ಟಿದ್ರೆ ಬಹುಶಃ ನಾನು ನೋಡ್ತಾನೂ ಇರಲಿಲ್ಲ. ಪೂಜೆ ಇಲ್ಲದ ಆಯುಧ ಸಾಲಲ್ಲಿ ಇಡೋಕೆ ನಿಮಗೆ ಧೈರ್ಯ ಬರಲಿಲ್ಲ. ಮತ್ತೆ ಕುಂಕುಮ ಇಟ್ರಿ. ಅರಿಶಿನ ಮರೆತ್ರಿ."

ನಂದೀಶ್ ಅತ್ತಿಗೆಯನ್ನು ನೋಡಿದ. ಅವಳು ಕಣ್ಣು ಕೀಳಲಿಲ್ಲ.

"ಅಣ್ಣನ್ನ ಸಾಯಿಸ್ಬೇಕು ಅಂತಿರಲಿಲ್ಲ ಅತ್ತಿಗೆ." ಚೀಲ ಕೈಯಿಂದ ಜಾರಿತು. "ದಾರೀಲಿ ಹೊಗೆ ಬಂದು ನಿಂತುಹೋಗುತ್ತೆ ಅಂದ್ಕೊಂಡೆ. ಹೋದ ವರ್ಷ ನಿಂತಿತ್ತಲ್ಲ! ಹೊತ್ತು ಮೀರುತ್ತೆ, ಅಪಶಕುನ ಅಂತ ಅಣ್ಣ ವಾಪಸ್ ಬರ್ತಾನೆ, ಈ ಸಂಬಂಧ ಮುರೀತದೆ ಅಂದ್ಕೊಂಡೆ. ಅಷ್ಟೇ. ಮನೆ ಮರ್ಯಾದೆ ಉಳೀಲಿ ಅಂತ."

"ಹೋದ ವರ್ಷ ಗಾಡಿ ತಾನಾಗಿ ನಿಲ್ಲಲಿಲ್ಲ" ಎಂದಳು ಸುನಂದ. "ವಾಸನೆ ಬಂದ ತಕ್ಷಣ ಅಶ್ವತ್ಥಪ್ಪ ನಿಲ್ಲಿಸಿದ. ಆತ ಮೆಕ್ಯಾನಿಕ್. ನಿಮ್ಮಣ್ಣ ಅಲ್ಲ."

ಅದು ಅವನಿಗೆ ಹೊಸ ವಿಷಯವೆಂಬಂತೆ ನಂದೀಶ್ ಅವಳನ್ನೇ ನೋಡಿದ.

"ಮಗಳೂ ಜೊತೆಗಿದಾಳೆ ಅಂತ ನಿಂಗೆ ಗೊತ್ತಿತ್ತು" ಎಂದಳು ರಮಾದೇವಿ. "ಅಣ್ಣ ಸತ್ತ ಸಂಜೇನೇ ಠಾಣೆಗೆ ಹೋಗಿ ಇನ್ನೊಬ್ಬನ ಹೆಸರು ಬರೆಸ್ದೆ. ಅದೂ ಮರ್ಯಾದೇಗೇನಾ?"

ಚನ್ನರಾಯಪ್ಪ ನಂದೀಶನ ಬಲಗೈ ಹಿಡಿದು ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿದ. ಅವನು ಎಳೆದುಕೊಳ್ಳಲಿಲ್ಲ.

* * *

ಬೆರಳಚ್ಚು ತಾಳೆಯಾಯಿತೆಂದು ಆರು ಗಂಟೆಗೆ ಫೋನ್ ಬಂತು. ಸುನಂದ ಆಸ್ಪತ್ರೆಯ ಕೌಂಟರಿನ ಮೇಲೇ ಫಾರಂ ಇಟ್ಟು ಸಹಿ ಹಾಕಿದಳು.

ಶ್ವೇತಳನ್ನು ಇನ್ನೂ ಎರಡು ದಿನ ಇಟ್ಟುಕೊಳ್ಳಲು ಡಾಕ್ಟರು ಒಪ್ಪಿದ್ದರು. ವಾರ್ಡಿನ ಹೊರಗಿನ ಬೆಂಚಿನಲ್ಲಿ ರಮಾದೇವಿ ಒಬ್ಬಳೇ ಕೂತಿದ್ದಳು. ಠಾಣೆಯಿಂದ ಬಿಟ್ಟ ಅಶ್ವತ್ಥಪ್ಪ ಮನೆಗೆ ಹೋಗದೆ ನೇರ ಇಲ್ಲಿಗೆ ಬಂದಿದ್ದ. ಬೆಂಚಿನಿಂದ ನಾಲ್ಕು ಮಾರು ದೂರದಲ್ಲಿ, ಗೋಡೆಗೆ ಒರಗಿ, ಚಪ್ಪಲಿ ಕೈಯಲ್ಲಿ ಹಿಡಿದು ನಿಂತ.

"ಗುರುವಾರ ಅಡುಗೆ ಏನು ಮಾಡಿಸಿದ್ರಿ?" ರಮಾದೇವಿ ನೆಲ ನೋಡುತ್ತಲೇ ಕೇಳಿದಳು.

"ಒಬ್ಬಟ್ಟು ಮಾಡಿದ್ವಿ ಅಮ್ಮಾ. ಅಮರಣ್ಣಂಗೆ ಇಷ್ಟ ಅಂತ ಕೋಸಂಬರಿ." ಆತ ಚಪ್ಪಲಿಯನ್ನು ಇನ್ನೊಂದು ಕೈಗೆ ಬದಲಿಸಿದ. "ಮೂರು ಗಂಟೆವರೆಗೂ ಎಲೆ ಹಾಕ್ಕೊಂಡು ಕಾಯ್ತಾ ಇದ್ವಿ. ಯಾರೂ ಊಟ ಮಾಡ್ಲಿಲ್ಲ."

ರಮಾದೇವಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಬೆಂಚಿನ ಆ ತುದಿಗೆ ಸರಿದು ಈ ತುದಿ ಬಿಟ್ಟಳು.

"ಕೂತ್ಕೊಳ್ಳಿ" ಎಂದಳು. "ಅವಳು ಎದ್ದ ಮೇಲೆ ಒಳಗೆ ಹೋಗೋಣ."